ಎರಡನೆಯ ಬೀಗದಕೈ ಹರಿಯಾಣದಲ್ಲಿತ್ತು

ತಮಿಳು ಗಡಿಯ ಹೊಸೂರಿನ ಪಕ್ಕದ ಮತ್ತಿಗಿರಿಯ ಆ ಬೀದಿಯಲ್ಲಿ ಯಾರ ಮನೆಯ ಬೀಗದಕೈ ಎಲ್ಲಿರುತ್ತದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಮೊದಲ ಮನೆಯದು ತುಳಸಿ ಕುಂಡದ ಕೆಳಗೆ. ಎದುರು ಮನೆಯದು ಕರೆಂಟ್ ಮೀಟರಿನ ಪೆಟ್ಟಿಗೆಯ ಮೇಲೆ. ಮೂಲೆಮನೆಯವರದು ಹಳೆಯ ಶೂ ಒಳಗೆ. ಹಾಲಿನವನಿಗೂ ಗೊತ್ತು, ಪೇಪರಿನವನಿಗೂ ಗೊತ್ತು. ಕಳ್ಳನಿಗೆ ಮಾತ್ರ ಗೊತ್ತಿಲ್ಲ ಎಂದು ಎಲ್ಲರೂ ನಂಬಿಕೊಂಡಿದ್ದರು.

ಚಂದ್ರಲೇಖಾಳ ಮನೆಯದು ಹಾಗಲ್ಲ. ಅವಳ ಮನೆಗೆ ಎರಡು ಬೀಗದಕೈ. ಒಂದು ಅವಳ ಗೊಂಚಲಿನಲ್ಲಿ, ಕಾರಿನ ಕೀ ಜೊತೆ. ಇನ್ನೊಂದು ಹರಿಯಾಣದಲ್ಲಿ, ಗಂಡ ವಾಸುವಿನ ಹತ್ತಿರ. ಕಾರಿನ ಎರಡನೆಯ ಕೀ ಕೂಡ ಅದರ ಜೊತೆಗೇ ಹೋಗಿತ್ತು.

ವಾಸು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವ ಕೆಲಸದವನು. ಕಂಪನಿಯವರು ಹರಿಯಾಣದಲ್ಲಿ ಹೊಸ ಘಟಕ ಶುರುಮಾಡಿದಾಗ ಕೆಲಸ ಬಲ್ಲವರನ್ನು ಆರಿಸಿ ಕಳಿಸಿದರು. ಎರಡು ವರ್ಷದ ಮಾತು. ಹೊರಡುವ ದಿನ ಅವನು ಹೊಸಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಾ, ಗೋಡೆಯ ಮೊಳೆಯಲ್ಲಿದ್ದ ಆ ಎರಡು ಕೀಗಳನ್ನು ಕೇಳಿ ಇಸಿದುಕೊಂಡ.

"ಇದು ನನ್ ಹತ್ರ ಇರ್ಲಿ ಲೇಖಾ. ಯಾವತ್ತಾದ್ರೂ ಒಂದಿನ ಹೇಳ್ದೆ ಕೇಳ್ದೆ ಬಂದ್‌ಬುಡ್ತೀನಿ. ಬಾಗ್ಲು ತಟ್ಟಲ್ಲ. ನಾನೇ ಬೀಗ ತೆಕ್ಕೊಂಡು ಒಳಕ್ಕೆ ಬತ್ತೀನಿ. ನೀನು ಅಡಿಗೆ ಮಾಡ್ತಾ ಇರ್ತೀಯ, ತಿರುಗಿ ನೋಡ್ತೀಯ."

ಹದಿನಾಲ್ಕು ತಿಂಗಳಿಂದ ಚಂದ್ರಲೇಖಾ ಆ ಮಾತಿನ ಮೇಲೆಯೇ ದಿನ ದೂಡುತ್ತಿದ್ದಳು. ನಡುವೆ ದೀಪಾವಳಿಗೆ ನಾಲ್ಕು ದಿನ ಅವನು ಬಂದದ್ದು ನಿಜ. ಆದರೆ ಅದು ಹೇಳಿ ಬಂದದ್ದು. ಅವಳೇ ಮಗುವನ್ನು ಎತ್ತಿಕೊಂಡು ಸ್ಟೇಷನ್ನಿಗೆ ಹೋಗಿ ಕರೆತಂದಿದ್ದಳು; ಅವನ ಬೀಗದಕೈಗೆ ಕೆಲಸವೇ ಬರಲಿಲ್ಲ. ಆಮೇಲೆ ಸಂಕ್ರಾಂತಿಗೆ ರಜೆ ಸಿಗಲಿಲ್ಲ. ಯುಗಾದಿಗೂ ಸಿಗಲಿಲ್ಲ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿರುವಾಗ ಬಾಗಿಲಲ್ಲಿ ಏನಾದರೂ ಕಿಟ್ಟೆಂದರೆ ಕಾಲು ತಾನಾಗಿ ನಿಂತುಬಿಡುತ್ತಿತ್ತು. ಮಲಗುವಾಗ ಒಳಗಿನ ಚಿಲಕ ಹಾಕುತ್ತಿರಲಿಲ್ಲ. ಹಾಕಿದರೆ ಹೊರಗಿನಿಂದ ಕೀ ತಿರುಗಿದರೂ ಬಾಗಿಲು ತೆರೆಯುವುದಿಲ್ಲವಲ್ಲ. ಹೆಂಗಸು, ಎರಡೂವರೆ ವರ್ಷದ ಮಗು ದಿವ್ಯ, ಚಿಲಕವಿಲ್ಲದ ಬಾಗಿಲು. ಇದು ಸರಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ಭಾನುವಾರ ವಿಡಿಯೋ ಕಾಲ್ ಬಂದಾಗ ವಾಸು ತನ್ನ ಹಾಸ್ಟೆಲ್ ರೂಮು ತೋರಿಸುತ್ತಿದ್ದ. ಕಬ್ಬಿಣದ ಮಂಚ, ಅದರ ತಲೆದಿಕ್ಕಿನ ಗೋಡೆಯಲ್ಲಿ ಒಂದು ಮೊಳೆ, ಮೊಳೆಯಲ್ಲಿ ಆ ಎರಡು ಕೀ. "ಕಾಣಿಸ್ತಾ ಇದೆಯಾ?" ಅನ್ನುತ್ತಿದ್ದ. "ಕಾಣಿಸ್ತದೆ," ಅನ್ನುತ್ತಿದ್ದಳು.

ಒಂದು ಸಂಜೆ ಮಹಿಳಾ ಸಂಘದ ಸಭೆಯಲ್ಲಿ ಬೀಗದಕೈಯ ಮಾತು ಬಂತು. ಸಂಘದ ಕಾರ್ಯದರ್ಶಿ ಸರಿತಾ ಅದೇ ಬೀದಿಯವಳು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲಿನ ಸೇಫ್ಟಿ ತಂಡದಲ್ಲಿ ಒಬ್ಬಳು. ಮೀಟರ್ ಪೆಟ್ಟಿಗೆಯ ಮೇಲೆ ಕೀ ಇಡುತ್ತಿದ್ದವರ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಕಳವಾಗಿತ್ತು. ಅದನ್ನೇ ಹಿಡಿದು ಸರಿತಾ ಒಬ್ಬೊಬ್ಬರನ್ನೂ ಕೇಳುತ್ತಾ ಬಂದಳು.

"ಲೇಖಾ, ನಿಂದು ಎರಡ್ನೇ ಕೀ ಎಲ್ಲಿಕ್ಕಿದ್ದೀಯ?"

"ನಮ್ಮೋರ ಹತ್ರ ಐತೆ."

"ಹರಿಯಾಣದಾಗಾ?" ಎಲ್ಲರೂ ನಕ್ಕರು. ಸರಿತಾ ನಗಲಿಲ್ಲ. "ಅರ್ಜೆಂಟ್ ಅಂದ್ರೆ ಏನ್ಮಾಡ್ತೀಯ? ಅಲ್ಲಿಂದ ಎರಡು ರಾತ್ರಿ ಟ್ರೈನು. ಇನ್ನೊಂದು ಮಾಡಿಸಿ ವರಲಕ್ಷ್ಮಮ್ಮನ ಹತ್ರ ಕೊಟ್ಟಿರು. ಗೋಡೆ ಪಕ್ಕದೋರು. ಯಾವಾಗ್ಲೂ ಮನೇಲಿರ್ತಾರೆ."

"ಬ್ಯಾಡಕ್ಕಾ," ಎಂದಳು ಚಂದ್ರಲೇಖಾ. "ಕೊಟ್ಮೇಲೆ ಮನೇಲಿ ಒಂದು ಚಮಚ ಕಾಣಿಸ್ದಿದ್ರೂ ಅನುಮಾನ ಬತ್ತದೆ. ಯಾರ ಮನಸ್ನಾಗೆ ಏನೈತೋ ಯಾರ್ ಕಂಡೋರು?"

ವರಲಕ್ಷ್ಮಮ್ಮ ಅಲ್ಲೇ ಕೂತಿದ್ದಳು. ಮಾತು ಕೇಳಿಸಿಕೊಂಡಳು. ಚಾಪೆಯ ಅಂಚನ್ನು ಬೆರಳಿನಿಂದ ಸರಿಮಾಡುತ್ತಾ ತಲೆತಗ್ಗಿಸಿದಳು.

ಮನೆಗೆ ಬಂದಮೇಲೆ ಚಂದ್ರಲೇಖಾಳಿಗೆ ತಾನಾಡಿದ ಮಾತು ಸರಿಯಲ್ಲ ಅನ್ನಿಸಿತು. ವರಲಕ್ಷ್ಮಮ್ಮನ ಮೇಲೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ನಿಜವಾದ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಇನ್ನೊಂದು ಕೀ ಮಾಡಿಸಿ ಪಕ್ಕದ ಮನೆಗೆ ಕೊಟ್ಟರೆ, ವಾಸು ಸದ್ಯಕ್ಕೆ ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ಬಾಗಿಲು ಕಿಟ್ಟೆಂದಾಗ ಇಷ್ಟು ದಿನ ಒಬ್ಬನ ಮುಖ ಮಾತ್ರ ಕಣ್ಣಿಗೆ ಬರುತ್ತಿತ್ತು. ಅದನ್ನು ಕಳೆದುಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಮಂಗಳವಾರ. ಕೆಲಮಂಗಲದ ತವರಿಗೆ ಊಟಕ್ಕೆ ಹೋಗಬೇಕೆಂದು ಚಂದ್ರಲೇಖಾ ಸಿದ್ಧವಾದಳು. ವಾಸು ಹೋದಮೇಲೆ ಅವಳೇ ಕಾರು ಓಡಿಸಲು ಕಲಿತಿದ್ದಳು. ಹನ್ನೊಂದು ಕಾಲು ಗಂಟೆ. ಬಿಸಿಲು ಬೀದಿಯ ಮೇಲೆ ನೇರವಾಗಿ ಬಿದ್ದಿತ್ತು. ಮನೆಯ ಬಾಗಿಲು ಎಳೆದುಕೊಂಡಳು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ಕಾರಿನ ಹಿಂದಿನ ಸೀಟಿನ ಎಡಬದಿಗೆ ದಿವ್ಯಳನ್ನು ಕೂರಿಸಿದಳು. ಪಕ್ಕದಲ್ಲಿ ಕೈಚೀಲ ಇಟ್ಟಳು. ಚೀಲದ ಮೇಲೆ ಕೀ ಗೊಂಚಲು, ಚೀಲದೊಳಗೆ ಫೋನು. ಮಗು ಇಳಿದುಬಿಡದಿರಲಿ ಎಂದು ಆ ಬಾಗಿಲು ಮುಚ್ಚಿ, ಡ್ರೈವರ್ ಬಾಗಿಲ ಕಡೆಗೆ ಸುತ್ತಿ ಬಂದಳು.

ಅಷ್ಟರಲ್ಲಿ ಟಕ್ ಎಂದಿತು. ನಾಲ್ಕು ಬಾಗಿಲಿಗೂ ಲಾಕ್ ಬಿತ್ತು. ದಿವ್ಯ ಗೊಂಚಲು ಹಿಡಿದು ರಿಮೋಟಿನ ಗುಂಡಿ ಒತ್ತಿ ನಗುತ್ತಿದ್ದಳು.

ಮೊದಲು ಚಂದ್ರಲೇಖಾಳಿಗೂ ನಗು ಬಂತು. ಗಾಜಿಗೆ ಮುಖ ಒತ್ತಿ, "ಇನ್ನೊಂದು ಗುಂಡಿ ಒತ್ತು ಕಂದಾ, ಅದರ ಮೇಲಿನದು," ಎಂದಳು. ಮಗುವಿಗೆ ಅದು ಆಟ. ಅಮ್ಮ ಗಾಜಿನ ಹೊರಗೆ ಕೈ ಆಡಿಸುತ್ತಿದ್ದಾಳೆ, ಬಾಯಿ ಆಡಿಸುತ್ತಿದ್ದಾಳೆ. ಮಗು ಗೊಂಚಲನ್ನು ಮೇಲಕ್ಕೆ ಎತ್ತಿ ತೋರಿಸಿತು. ಅದು ಕೈಜಾರಿ ಸೀಟಿನ ಸಂದಿಯೊಳಗೆ ಬಿತ್ತು. ಮಗು ಬಗ್ಗಿ ಹುಡುಕಿತು. ಸಿಗಲಿಲ್ಲ. ಆಮೇಲೆ ಅಳಲು ಶುರುಮಾಡಿತು.

ಚಂದ್ರಲೇಖಾ ಮನೆಯ ಬಾಗಿಲಿಗೆ ಓಡಿದಳು, ತಳ್ಳಿದಳು. ತಳ್ಳಿದ ಮೇಲೆ ನೆನಪಾಯಿತು, ಅದರ ಕೀ ಕೂಡ ಕಾರಿನೊಳಗೇ. ಫೋನೂ ಅಲ್ಲೇ. ಮತ್ತೆ ಕಾರಿನ ಹತ್ತಿರ ಬಂದಳು. ದಿವ್ಯಳ ಕೂದಲು ಹಣೆಗೆ ಅಂಟಿಕೊಂಡಿತ್ತು. ಮುಖ ಕೆಂಪಾಗಿತ್ತು. ಒಳಗಿನ ಅಳು ಹೊರಗೆ ಸಣ್ಣಗೆ, ಎಲ್ಲೋ ದೂರದ ಮನೆಯಿಂದ ಬಂದ ಹಾಗೆ ಕೇಳುತ್ತಿತ್ತು.

"ಅಕ್ಕಾ! ಯಾರಾದ್ರೂ ಬನ್ರೀ!"

ಮೊದಲು ಓಡಿ ಬಂದವಳು ವರಲಕ್ಷ್ಮಮ್ಮ. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು. ಹಿಂದೆಯೇ ಗಂಡ ಗೋಪಾಲಪ್ಪ.

"ಎರಡ್ನೇ ಕೀ ಎಲ್ಲಮ್ಮಾ? ತತ್ತಾ ಬೇಗ!" ಎಂದ ಗೋಪಾಲಪ್ಪ.

"ಅವರ ಹತ್ರ," ಎಂದಳು ಚಂದ್ರಲೇಖಾ. ಕಬ್ಬಿಣದ ಮಂಚ, ಗೋಡೆ, ಮೊಳೆ, ಮೊಳೆಯಲ್ಲಿ ತೂಗುತ್ತಿರುವ ಕೀ, ಎಲ್ಲ ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವ ಹಾಗೆ ಕಾಣುತ್ತಿತ್ತು.

ಗೋಪಾಲಪ್ಪ ಪರಿಚಯದ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದ. "ಲೇ ರವಿಕುಮಾರಾ, ಎಲ್ಲಿದ್ದೀಯ್ಲಾ? ಕಾರಲ್ಲಿ ಮಗು ಸಿಕ್ಕಾಕ್ಕೊಂಡದೆ, ಬಾರ್ಲಾ ಬೇಗ!" ಆ ಕಡೆಯ ಮಾತು ಕೇಳಿ ಚಂದ್ರಲೇಖಾಳ ಕಡೆ ತಿರುಗಿದ. "ಕೃಷ್ಣಗಿರಿ ರೋಡ್ನಾಗೆ ಅವ್ನಂತೆ. ಮುಕ್ಕಾಲು ಗಂಟೆ ಅಂತಾನೆ. ಅವ್ನು ಬಂದ್ರೆ ಗಾಜು ಉಳೀತದೆ…"

"ಗಾಜು ಯಾವನಿಗೆ ಬೇಕು!" ಹಿಂದಿನಿಂದ ಕೂಗಿದ್ದು ಸರಿತಾ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಗಲಾಟೆಗೆ ಎದ್ದು ಬಂದಿದ್ದಳು, ತಲೆ ಕೆದರಿತ್ತು. "ಮುಕ್ಕಾಲು ಗಂಟೆ ಕಾಯೋಕಾಗಲ್ಲ. ಈ ಬಿಸಿಲಿಗೆ ಒಳಗೆ ಒಲೆ ಥರ ಕಾಯ್ತದೆ. ಒಡೀರಿ."

ಅವಳು ಆಗಲೇ ತನ್ನ ಫೋನಿನಲ್ಲಿ ತುರ್ತು ಸಹಾಯದ ನೂರಾ ಹನ್ನೆರಡಕ್ಕೆ ಕರೆಮಾಡಿದ್ದಳು. ತಮಿಳಿನಲ್ಲಿ ಬೀದಿಯ ಹೆಸರು, ಗುರುತು, ಮಗುವಿನ ವಯಸ್ಸು ಗಟ್ಟಿಯಾಗಿ ಹೇಳಿದಳು. ಆಂಬುಲೆನ್ಸ್ ಬೇಕು ಎಂದಳು. ಗೋಪಾಲಪ್ಪ ಮನೆಯಿಂದ ಸುತ್ತಿಗೆ ತಂದ. ಚಂದ್ರಲೇಖಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮಗು ಇದ್ದ ಕಡೆಗೇ ನುಗ್ಗಿದಳು.

"ಅಲ್ಲಲ್ಲ! ಅಲ್ಲಿ ಒಡೆದ್ರೆ ಚೂರು ಮಗೂಗೆ ಬೀಳ್ತದೆ. ದೂರದ ಗಾಜು, ಡ್ರೈವರ್ ಕಡೇದು. ನಡುವೆ ಹೊಡೀಬೇಡ ಲೇಖಾ, ಮೂಲೆಗೆ ಹೊಡಿ," ಎಂದು ಸರಿತಾ ಕೂಗಿದಳು.

ಮೊದಲ ಏಟಿಗೆ ಸುತ್ತಿಗೆ ಪುಟಿಯಿತು. ಎರಡನೆಯದಕ್ಕೂ ಏನಾಗಲಿಲ್ಲ. ಒಳಗೆ ದಿವ್ಯ ಅಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ಅದನ್ನು ನೋಡಿದ ಚಂದ್ರಲೇಖಾಳಿಗೆ ಎಲ್ಲಿಂದ ಬಲ ಬಂತೋ, ಮೂರನೆಯ ಏಟಿಗೆ ಗಾಜು ಪೂರಾ ಬಿಳಿಚಿಕೊಂಡು ಸುರಿಯಿತು. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಗೋಪಾಲಪ್ಪ ಕೈ ತೂರಿಸಿ ಲಾಕ್ ಎಳೆದ. ವರಲಕ್ಷ್ಮಮ್ಮ ಮಗು ಇದ್ದ ಬದಿಯ ಬಾಗಿಲು ತೆಗೆದು ಮಗುವನ್ನು ಬಾಚಿಕೊಂಡಳು.

ಮಗು ಕೈಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನೆರಳಿಗೆ ತಂದರು. ಸರಿತಾ ಅಂಗಿ ಬಿಚ್ಚಿಸಿ, ನೀರಲ್ಲಿ ಅದ್ದಿದ ಟವೆಲಿನಿಂದ ಕತ್ತು, ಕಂಕುಳು, ಕಾಲು ಒರೆಸಿದಳು. ವರಲಕ್ಷ್ಮಮ್ಮ ಒಂದು ತೋಳಲ್ಲಿ ಮಗುವನ್ನು ಒರಗಿಸಿಕೊಂಡು ಇನ್ನೊಂದು ಕೈಯಿಂದ ಮೊರ ಬೀಸಿದಳು. ಸ್ವಲ್ಪ ಹೊತ್ತಿಗೆ ದಿವ್ಯ ಕಣ್ಣು ತೆರೆದು, "ಅಮ್ಮ, ನೀರು," ಎಂದಳು. ಚಂದ್ರಲೇಖಾ ನೀರು ಕುಡಿಸುತ್ತಿರುವಾಗಲೇ ಆಂಬುಲೆನ್ಸ್ ಬಂತು.

ಹೊಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಟ್ಟುಕೊಂಡು, ಡ್ರಿಪ್ಸ್ ಹಾಕಿ, ಮಗು ನಗಲು ಶುರುಮಾಡಿದ ಮೇಲೆ ಕಳಿಸಿದರು. "ಒಳ್ಳೇ ಹೊತ್ತಲ್ಲಿ ಒಡೆದ್ರಿ," ಎಂದರು ಡಾಕ್ಟರು. "ಇನ್ನು ಹತ್ತು ನಿಮಿಷ ಬಿಟ್ಟಿದ್ರೆ…"

ಮನೆಗೆ ಬಂದ ಸ್ವಲ್ಪ ಹೊತ್ತಿಗೆ ವಾಸುವಿನ ವಿಡಿಯೋ ಕಾಲ್ ಬಂತು. ಚಂದ್ರಲೇಖಾ ಒಂದೂ ಬಿಡದೆ ಹೇಳಿದಳು. ಫೋನಿನ ಪರದೆಯಲ್ಲಿ ಅವನ ಮುಖ ಸರಿದು ಬರೀ ಗೋಡೆ ಕಾಣಿಸಿತು. ಅವನು ಕಣ್ಣೊರೆಸಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

"ನಾನು ಎಂಥಾ ಕೆಲ್ಸ ಮಾಡ್ಬುಟ್ಟೆ ಲೇಖಾ," ಎಂದ. "ಈ ಕೀಗಳ್ನ ದಿನಾ ನೋಡ್ಕೊಂಡು ಮಲಗ್ತಿದ್ದೆ. ಅಲ್ಲಿ ನಿಮಗೆ ಬೇಕಾಗ್ತದೆ ಅಂತ ಒಂದಿನಾನೂ ಹೊಳೀಲಿಲ್ಲ. ನಾಳೇನೇ ಎರಡೂ ಕೊರಿಯರ್ ಮಾಡ್ತೀನಿ."

"ಎರಡೂ ಬ್ಯಾಡ," ಎಂದಳು. "ಕಾರಿಂದು ಕಳ್ಸು. ಮನೇದು ನಿನ್ ಹತ್ರಾನೇ ಇರ್ಲಿ. ನೀನಿಲ್ದೆ ಅದೊಂದೇ ಬಂದ್ರೆ ನಂಗೆ ನೋಡೋಕಾಗಲ್ಲ. ಮನೇದು ಇಲ್ಲಿ ಹೊಸ್ದು ಮಾಡಿಸ್ತೀನಿ."

"ಮಾಡ್ಸು."

"ಮತ್ತೆ… ಇವತ್ತಿಂದ ಒಳಗಿನ ಚಿಲಕ ಹಾಕ್ಕೊಂತೀನಿ. ನೀನು ಬಂದಾಗ ತಟ್ಟು. ಎಷ್ಟೊತ್ತಾದ್ರೂ ಎದ್ದು ತೆಗೀತೀನಿ."

"ಇಷ್ಟ್ ದಿನ ಚಿಲಕ ಹಾಕ್ತಿರ್ಲಿಲ್ವಾ?" ಎಂದ ವಾಸು. ಯಾಕೆಂದು ಅವಳು ಹೇಳುವ ಮೊದಲೇ ಅವನಿಗೆ ಅರ್ಥವಾಯಿತು. ಅವತ್ತು ತುಂಬ ಹೊತ್ತು ಇಬ್ಬರೂ ಫೋನು ಇಡಲಿಲ್ಲ.

ಮರುದಿನ ಸರಿತಾಳ ಜೊತೆ ಚಂದ್ರಲೇಖಾ ಹೊಸೂರಿನ ಬಸ್ ನಿಲ್ದಾಣದ ಹತ್ತಿರ ಕೀ ಮಾಡುವ ಮುನೀಶ್ ಎಂಬವನ ಅಂಗಡಿಗೆ ಹೋದಳು. "ಬಿಟ್ಟೋಗಿ, ಸಾಯಂಕಾಲ ಬನ್ನಿ," ಎಂದ ಮುನೀಶ್. ಸರಿತಾ ಒಪ್ಪಲಿಲ್ಲ. "ನಿಂತು ಮಾಡಿಸ್ಕೊಂಡೇ ಹೋಗ್ತೀವಿ." ಆಮೇಲೆ ಚಂದ್ರಲೇಖಾಳ ಕಿವಿಯಲ್ಲಿ ಹೇಳಿದಳು: "ಒಳ್ಳೇ ಮನುಷ್ಯನೇ. ಆದ್ರೂ ಕೀ ನಮ್ಮ ಕಣ್ಮುಂದೇನೇ ಇರಬೇಕು. ಮನೆ ಎಲ್ಲೈತೆ ಅಂತ ಹೇಳಬಾರದು. ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸ್ಲೂ ಬಾರದು. ಫೋಟೋ ನೋಡೇ ಕೀ ಮಾಡೋರವ್ರೆ."

ಮನೆಗೆ ಬಂದು ಹೊಸ ಕೀಯನ್ನು ಬಾಗಿಲಿಗೆ ಹಾಕಿ ಮೂರು ಸಲ ತಿರುಗಿಸಿ ನೋಡಿದರು. ಮೊದಲ ಸಲ ಸ್ವಲ್ಪ ಬಿಗಿಯಾಯಿತು, ಆಮೇಲೆ ಸಲೀಸಾಯಿತು. ಚಂದ್ರಲೇಖಾ ಅದಕ್ಕೆ ಹೆಸರು, ಮನೆ ನಂಬರು ಬರೆದ ಚೀಟಿ ಕಟ್ಟಲು ಹೋದಳು.

"ಬರೀಬೇಡ," ಎಂದಳು ಸರಿತಾ. "ಕಳೆದೋದ್ರೆ ಸಿಕ್ಕಿದೋನಿಗೆ ದಾರಿ ತೋರಿಸ್ದಂಗಾಗ್ತದೆ. ನಮ್ ಫ್ಯಾಕ್ಟ್ರೀಲೂ ಬರೀ ಒಂದು ಗುರುತು ಹಾಕ್ತೀವಿ. ಕೆಂಪು ದಾರ ಕಟ್ಟು ಸಾಕು. ಕವರಲ್ಲಿ ಹಾಕಿ ಅಂಟಿಸಿ, ಅಂಟಿನ ಮೇಲೆ ನಿನ್ನ ಸಹಿ ಮಾಡು. ತೆಗೆದ್ರೆ ಗೊತ್ತಾಗ್ತದೆ. ಕೊಟ್ಟೋರಿಗೂ ನೆಮ್ಮದಿ, ಇಟ್ಕೊಂಡೋರಿಗೂ ನೆಮ್ಮದಿ."

"ಕಾರಿಂದು ಬಂದ್ರೆ ಮನೇಲೇ ಬೀರೂನಲ್ಲಿ ಇಕ್ಕಲಾ?"

"ನಿನ್ನೆ ಬೀರೂನಲ್ಲೇ ಇದ್ದಿದ್ರೂ ಏನ್ ಮಾಡ್ತಿದ್ದೆ? ಮನೆ ಬೀಗ ಹಾಕಿತ್ತು, ಕೀ ಕಾರೊಳಗಿತ್ತು. ಕಾರಿಂದೂ ಬಂದ್ಮೇಲೆ ಇದೇ ಥರ ಕವರಲ್ಲಿ ಹಾಕಿ ವರಲಕ್ಷ್ಮಮ್ಮನಿಗೇ ಕೊಡು."

ಕವರು ಹಿಡಿದು ಚಂದ್ರಲೇಖಾ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು. ಒಳಗೆ ಕರೆದು ಕೂರಿಸಿದ ವರಲಕ್ಷ್ಮಮ್ಮನ ಮುಖ ನೋಡಲಾರದೆ, "ಅವತ್ತು ಸಂಘದಾಗೆ ನಾನು ಆಡಿದ್ ಮಾತು…" ಎಂದು ಶುರುಮಾಡಿದಳು.

"ಬುಡಮ್ಮಾ," ಎಂದಳು ವರಲಕ್ಷ್ಮಮ್ಮ. "ನಂಗೂ ಬೇಜಾರಾಗಿತ್ತು. ಮಗು ನನ್ ತೋಳಲ್ಲಿ ಕಣ್ಬಿಟ್ಟಾಗ ಎಲ್ಲಾ ಹೊರಟೋಯ್ತು." ಕವರು ಇಸಿದುಕೊಂಡು ಗಂಡನನ್ನು ಕರೆದಳು. "ಇಲ್ಲಿ ನೋಡ್ರೀ, ಇದು ಅಕ್ಕಿ ಡಬ್ಬದ ಹಿಂದೆ ಇರ್ತದೆ. ನಾನು ಊರಿಗೋದ್ರೂ ನಿಮಗೆ ಗೊತ್ತಿರ್ಬೇಕು. ಬೇರೆ ಯಾರಿಗೂ ಹೇಳ್ಬ್ಯಾಡಿ." ಹಾಗೆಯೇ ಕುಂಕುಮದ ಭರಣಿಯ ಪಕ್ಕದಿಂದ ಒಂದು ಕೀ ತೆಗೆದು ಚಂದ್ರಲೇಖಾಳ ಅಂಗೈಯಲ್ಲಿಟ್ಟಳು. "ನಮ್ಮನೇದು ನಿನ್ ಹತ್ರ ಇರ್ಲಿ. ನಮ್ಮೋರಿಗೆ ಬಿ.ಪಿ. ಐತೆ. ನಾನಿಲ್ದಾಗ ಬಾಗ್ಲು ಎಳ್ಕೊಂಡು ಒಳಗೇ ಬಿದ್ದೋದ್ರೆ ಯಾರು ನೋಡ್ತಾರೆ?"

ಆ ವಾರ ಚಂದ್ರಲೇಖಾ ಇನ್ನೆರಡು ಕೆಲಸ ಮಾಡಿದಳು. ಗಂಡನ ನಂಬರು, ಅಮ್ಮನ ನಂಬರು, ಸರಿತಾಳ ನಂಬರು, ಮೂರನ್ನೂ ಬಾಯಿಪಾಠ ಮಾಡಿದಳು. ಅವತ್ತು ಫೋನು ಕಾರೊಳಗಿದ್ದಾಗ ಅವಳಿಗೆ ಒಂದೂ ನೆನಪಿಗೆ ಬಂದಿರಲಿಲ್ಲ. ಕಾರಿನ ಕೀಯನ್ನು ದಿವ್ಯಳ ಕೈಗೆ ಸಿಗುವ ಹಾಗೆ ಎಲ್ಲಿಯೂ ಇಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಮಾಡಿದಳು.

ಶನಿವಾರ ಕೊರಿಯರ್ ಬಂತು. ಒಳಗೆ ಹಳದಿ ಬಣ್ಣದ ಒಂದು ಪುಟ್ಟ ಫ್ರಾಕು. ಅದರ ಮಡಿಕೆಯೊಳಗೆ ಕಾರಿನ ಕೀ; ಅದು ಅವತ್ತೇ ಇನ್ನೊಂದು ಕವರಿನಲ್ಲಿ ವರಲಕ್ಷ್ಮಮ್ಮನ ಮನೆ ಸೇರಿತು. ಫ್ರಾಕಿನ ಮೇಲೆ ಒಂದು ಚೀಟಿ: "ಮಗೂಗೆ. ಅಳತೆ ನಾನೇ ನೆನಪಿಂದ ಹೇಳಿ ತಂದೆ."

ದಿವ್ಯ ಆಗಲೇ ಹಾಕಬೇಕೆಂದು ಹಟಮಾಡಿದಳು. ತೋಳು ಹೇಗೋ ತೂರಿತು. ಬೆನ್ನಿನ ಗುಂಡಿ ಕೂಡಲಿಲ್ಲ, ಎರಡು ಬೆರಳಿನಷ್ಟು ಸಾಲದಾಯಿತು. ದೀಪಾವಳಿಯಲ್ಲಿ ಅವನು ಎತ್ತಿ ಆಡಿಸಿದ್ದ ಮಗುವಿಗೆ ಆ ಫ್ರಾಕು ಸರಿಯಾಗಿ ಆಗುತ್ತಿತ್ತು. ಚಂದ್ರಲೇಖಾ ಹೊಲಿಗೆ ಯಂತ್ರದ ಮುಂದೆ ಕೂತು, ಬೆನ್ನಿನ ಹೊಲಿಗೆ ಬಿಚ್ಚಿ, ಅದೇ ಬಣ್ಣದ ಪಟ್ಟಿ ಹುಡುಕಿ ಸೇರಿಸಿದಳು. ಭಾನುವಾರದ ಕರೆಯಲ್ಲಿ ದಿವ್ಯ ಅದನ್ನು ಹಾಕಿಕೊಂಡು ಗಿರಗಿರ ತಿರುಗಿದಳು. "ಸರಿಯಾಗ್ ಆಗದೆ ನೋಡು!" ಎಂದು ವಾಸು ಹಿಗ್ಗಿದ. ಚಂದ್ರಲೇಖಾ, "ಹೂಂ, ಸರಿಯಾಗ್ ಆಗದೆ," ಎಂದಳು.

ಈ ಕಥೆಯನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ಈಗ ಒಂದು ನಿಮಿಷ ಎದ್ದು ನೋಡಿ. ನಿಮ್ಮ ಮನೆಯ ಎರಡನೆಯ ಬೀಗದಕೈ ಎಲ್ಲಿದೆ? ಗಾಡಿಯದು ಎಲ್ಲಿದೆ? ಕುಂಡದ ಕೆಳಗಿದ್ದರೆ ಇವತ್ತೇ ತೆಗೆಯಿರಿ. ಬೀಗ ಹಾಕಿದ ಮನೆಯೊಳಗೋ ಕಾರಿನೊಳಗೋ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. ಹೊತ್ತಿಗೆ ಸಿಗುವ, ನಿಮಗೆ ನಂಬಿಕೆಯಿರುವ ಒಂದು ಮನೆ ಆರಿಸಿ, ಹೆಸರು ಬರೆಯದೆ, ಕವರು ಅಂಟಿಸಿ ಕೊಡಿ. ಅವರದನ್ನೂ ನೀವು ಇಟ್ಟುಕೊಳ್ಳಿ. ಬೀಗದಕೈ ಕಳೆದುಹೋದರೆ, ಬಾಡಿಗೆಯವರು ಬದಲಾದರೆ, ಬೀಗವನ್ನೇ ಬದಲಾಯಿಸಿ. ಕಾರಿನೊಳಗೆ ಮಗು ಸಿಕ್ಕಿಕೊಂಡರೆ ಗಾಜಿನ ಚಿಂತೆ ಮಾಡಬೇಡಿ: ಕೂಡಲೇ ನೂರಾ ಹನ್ನೆರಡಕ್ಕೆ ಕರೆಮಾಡಿ, ಮಗುವಿನಿಂದ ದೂರದ ಗಾಜು ಒಡೆಯಿರಿ.

ನಿಮ್ಮವರು ದೂರದ ಊರಿನಲ್ಲಿದ್ದರೆ ಅವರ ನೆನಪಿಗೆ ಅಂಗಿ ಇಟ್ಟುಕೊಳ್ಳಿ, ಫೋಟೋ ಇಟ್ಟುಕೊಳ್ಳಿ. ಅವರಿಗೂ ಮನೆಯ ಒಂದು ಕೀ ಕೊಟ್ಟು ಕಳಿಸಿ, ತಪ್ಪೇನಿಲ್ಲ. ಆದರೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಇರಲಿ.